ಲಿವರ್ ಮೇಲೆ ಯಾರ ಹೆಸರು?

ಮಗುವಿಗೆ ದೊಡ್ಡ ಆಪರೇಷನ್ ಆದ ಮನೆಯಲ್ಲಿ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತಾರೆ ಎಂದು ಜನ ತಿಳಿದಿದ್ದಾರೆ. ಕೂರುವುದಕ್ಕೆ ಪುರುಸೊತ್ತು ಬೇಕಲ್ಲ. ನಮ್ಮ ಮನೆಯಲ್ಲಿ ದಿನಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ.

ಬಸವಕಲ್ಯಾಣದಲ್ಲಿ ನನ್ನದು ಸ್ಟೀಲ್ ಪಾತ್ರೆ-ಭಾಂಡೆಗಳ ಅಂಗಡಿ. ಐದು ವರ್ಷದ ಮಗಳಿಗೆ ಹೈದರಾಬಾದಿನಲ್ಲಿ ಲಿವರ್ ಕಸಿ ಆಯಿತು. ತನ್ನ ಲಿವರಿನ ತುಂಡು ಕೊಟ್ಟವನು ನನ್ನ ಹೆಂಡತಿಯ ತಮ್ಮ, ಹುಮನಾಬಾದಿನಲ್ಲಿ ಟೈರ್ ಅಂಗಡಿ ಇಟ್ಟವನು. ಹೊಸ ಲಿವರನ್ನು ಮೈ ಒಪ್ಪಿಕೊಳ್ಳಬೇಕು, ಸೋಂಕು ತಗಲಬಾರದು, ಒಂದು ಹೊತ್ತಿನ ಔಷಧಿಯೂ ತಪ್ಪಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೆದರಿಕೆ ಆಗಲೂ ಇತ್ತು, ಈಗಲೂ ಇದೆ. ಆದರೆ ಮನೆಯವರು ಸುಮ್ಮನೆ ಹೆದರಿಕೊಂಡು ಇರಲು ಬಿಡಬೇಕಲ್ಲ.

ಕೆಮ್ಮಿನ ಪರೀಕ್ಷೆ

ನೆಗಡಿ ಕೆಮ್ಮು ಇದ್ದವರನ್ನು ಒಳಗೆ ಬಿಡಬೇಡಿ ಎಂದಿದ್ದರು ಡಾಕ್ಟರು. ಈ ಖಾತೆಯನ್ನು ನಮ್ಮವ್ವ ವಹಿಸಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಳು. ಕೆಮ್ಮು ಇದೆಯೇ ಎಂದು ಕೇಳಿದರೆ ಯಾರಾದರೂ ಇಲ್ಲವೆಂದೇ ಹೇಳುತ್ತಾರೆ. ಆದ್ದರಿಂದ ಅವ್ವ ಕೇಳುತ್ತಿರಲಿಲ್ಲ, "ಒಂದೀಟು ಕೆಮ್ಮಿ ತೋರಸ್ರಿ" ಎನ್ನುತ್ತಿದ್ದಳು. ದನಿಯಲ್ಲೇ ಅವಳಿಗೆ ಎಲ್ಲ ಗೊತ್ತಾಗುತ್ತದಂತೆ.

ಮುಡಬಿಯಿಂದ ದೂರದ ಸಂಬಂಧಿಕರೊಬ್ಬರು ಆಟೋ ಹಿಡಿದು ಬಂದರು. ಗಟ್ಟಿಮುಟ್ಟಾದ ಆಸಾಮಿ, ಜನ್ಮದಲ್ಲಿ ಕೆಮ್ಮಿದವರಲ್ಲ. ಮರ್ಯಾದೆಗೆ ಸಣ್ಣಗೆ ಕೆಮ್ಮಿದರು. ಇದು ಸಾಲದು, ಹೊಟ್ಟೆಯಿಂದ ಬರಲಿ ಎಂದಳು ಅವ್ವ. ಅವರು ಜೋರಾಗಿ ಕೆಮ್ಮಿದರು, ಮತ್ತೆ ಕೆಮ್ಮಿದರು, ಆಮೇಲೆ ನಿಲ್ಲಿಸಲು ಆಗಲೇ ಇಲ್ಲ. ಪಕ್ಕದ ಮನೆಯವರು ನೀರು ತಂದು ಕೊಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು, ಬರುವಾಗ ಚೆನ್ನಾಗಿಯೇ ಇದ್ದೆ ಎಂದು ಅವರು ಹೇಳಿದರೆ ಅವ್ವ ಕೈ ಮುಗಿದು ವಾಪಸ್ ಕಳಿಸಿದಳು.

"ಎಲ್ಲಾರೂ ಹಂಗೇ ಅಂತಾರ."

ಒಲೆ ಹಚ್ಚದ ಮನೆ

ಮೈ ಹೊಸ ಲಿವರನ್ನು ತಳ್ಳಿಹಾಕದಿರಲಿ ಎಂದು ಕೊಡುವ ಔಷಧಿಯನ್ನು ಖಾಲಿ ಹೊಟ್ಟೆಗೆ ಕೊಡಬೇಕು. ಅದರ ಹಿಂದೆ ಮುಂದೆ ಮಗಳು ಏನೂ ತಿನ್ನುವಂತಿಲ್ಲ. ನಾವು ತಿಂದರೆ ಅವಳೂ ಬೇಡುತ್ತಾಳೆ. ಹಾಗಾಗಿ ಆ ಹೊತ್ತಿನಲ್ಲಿ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಬಾಯಾಡಿಸುವುದಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಬೇಮಳಖೇಡದ ಹಳೆಯ ಗಿರಾಕಿಯೊಬ್ಬರು ನೋಡಲು ಬಂದರು. ಕೆಮ್ಮಿನ ಪರೀಕ್ಷೆ ಪಾಸಾಗಿ ಒಳಗೆ ಕೂತರು. ಚಹಾ ಬರಲಿಲ್ಲ, ನೀರಿನ ಜೊತೆ ಬೆಲ್ಲವೂ ಬರಲಿಲ್ಲ. ಅವರೇ ಚೀಲದಿಂದ ಬಿಸ್ಕಿಟ್ ಪುಡಿಕೆ ತೆಗೆದರೆ ನನ್ನ ಹೆಂಡತಿ ಓಡಿಬಂದು ಕಸಿದು ಬಚ್ಚಿಟ್ಟು, "ಹುಡುಗಿ ನೋಡಿದ್ರ ಅಳ್ತಾಳ್ರಿ" ಎಂದು ಪಿಸುಗುಟ್ಟಿದಳು. ಅವರು ತಣ್ಣಗಿದ್ದ ಒಲೆಯನ್ನು ನೋಡಿದರು, ನಮ್ಮ ಒಣಗಿದ ಮುಖಗಳನ್ನು ನೋಡಿದರು, ಚೀಲ ಎತ್ತಿಕೊಂಡು ಹೊರಟರು.

ಮರುದಿನ ಬಸ್ಸಿನಲ್ಲಿ ಒಂದು ಚೀಲ ಜೋಳ, ಒಂದು ಗಂಟು ತೊಗರಿಬೇಳೆ ಬಂದವು. ಅಂಗಡಿ ತುಂಬ ಭಾಂಡೆ ಇದ್ದರೂ ಪಾಪ ಹಾಕಿ ಬೇಯಿಸಲು ಕಾಳಿಲ್ಲ ಎಂದು ಅವರು ಊರಲ್ಲೆಲ್ಲ ಹೇಳಿದ್ದರಂತೆ. ನಾನು ನಾಚಿಕೆಯಿಂದ ವಾಪಸ್ ಕಳಿಸಲು ಹೊರಟೆ. ಅವ್ವ ತಡೆದಳು. ಜೋಳ ಬಹಳ ಚೆನ್ನಾಗಿತ್ತು.

ಹುಮನಾಬಾದಿನ ಗುಣ

ಮಗಳಿಗೆ ಹಸಿವು ಮರಳಿತು, ಜೊತೆಗೆ ಹಟವೂ. ಮಿರ್ಚಿ ಭಜಿ ಬೇಕೆಂದು ಅತ್ತರೆ, ಅದು ಹುಮನಾಬಾದಿನ ಲಿವರಿನ ಗುಣ ಎನ್ನುತ್ತಿದ್ದಳು ಅವ್ವ. ನೆಲದ ಮೇಲೆ ಹೊರಳಾಡಿದರೂ ಹುಮನಾಬಾದು. ಅಕ್ಷರಮಾಲೆ ತಪ್ಪಿಲ್ಲದೆ ಹೇಳಿದ ದಿನ ಮಾತ್ರ ಅದು ನಮ್ಮ ಕಡೆಯ ರಕ್ತ. ಒಂದು ಮಧ್ಯಾಹ್ನ ಮಗಳು ಗೊರಕೆ ಹೊಡೆದಳು. ಇದೂ ಲಿವರ್ ಕೊಟ್ಟ ಮಾವನದೇ ಎಂದಳು ಅವ್ವ. ಹೆಂಡತಿ ಎಷ್ಟು ದಿನ ತಡೆದಾಳು.

"ಲಿವರ್ ಮೂಗಿನ್ಯಾಗ ಇಟ್ಟಾರೇನ್ರಿ ಅತ್ತಿ?"

ಚುಕ್ಕೆ ಚುಕ್ಕೆ ಹೆಸರು

ಒಂದು ವಿಷಯಕ್ಕೆ ಮಾತ್ರ ನಮಗೆ ನಗು ಬರುತ್ತಿರಲಿಲ್ಲ. ಮಾವ ಬಂದನೆಂದರೆ ಮಗಳು ಓಡಿ ಮಂಚದ ಕೆಳಗೆ ಸೇರುತ್ತಿದ್ದಳು. ಮೊದಲು ಅವನ ಹೆಗಲಿನಿಂದ ಇಳಿಯದಿದ್ದವಳು. ಅವನು ವಾರವಾರ ಬಂದು, ಮಂಚದ ಮುಂದೆ ಕುಕ್ಕರುಗಾಲಲ್ಲಿ ಕೂತು ಕರೆದು ಕರೆದು ಹೋಗುತ್ತಿದ್ದ. ಒಮ್ಮೆ, "ನನ್ನ ಮ್ಯಾಲ ಯಾಕ ಸಿಟ್ಟು ಇಕಿಗಿ?" ಎಂದು ಕಣ್ಣು ಒರೆಸಿಕೊಂಡ. ಕೊಟ್ಟವನೇ ಬೇಡವಾದರೆ ಹೇಗೆ?

ನಾನೇ ಮಂಚದ ಕೆಳಗೆ ತೂರಿದೆ. ಮಗಳು ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಮಾವ ಲಿವರ್ ವಾಪಸ್ ಒಯ್ಯಾಕ ಬಂದಾನ."

ಆಸ್ಪತ್ರೆ ಬಿಡುವ ದಿನ ಅವನು ಅವಳಿಗೆ ತಮಾಷೆಗೆ, ನನ್ನ ಸಾಮಾನು ಜ್ವಾಕಿಯಿಂದ ಇಟ್ಕೋ, ಬಂದು ನೋಡ್ತೀನಿ ಎಂದಿದ್ದ. ನಮ್ಮ ಮನೆಯಲ್ಲಿ ಸಾಮಾನೆಂದರೆ ಸಣ್ಣ ಮಾತಲ್ಲ. ಭಾಂಡೆ ಕೊಂಡವರ ಹೆಸರನ್ನು ನಾನು ಅದರ ಮೇಲೆ ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಕೊರೆದು ಕೊಡುತ್ತೇನೆ, ನೆರೆಮನೆಗೆ ಹೋದ ಡಬ್ಬಿ ಹೆಸರು ಹಿಡಿದು ಮನೆಗೆ ಬರಲಿ ಎಂದು. ಅವ್ವನದು ಇನ್ನೊಂದು ಕಾಯಿದೆ: ಕಡ ತಂದ ಭಾಂಡೆಯನ್ನು ಖಾಲಿ ಮರಳಿಸಬಾರದು, ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಮಗಳು ಇದನ್ನೆಲ್ಲ ನೋಡಿಯೇ ಬೆಳೆದವಳು. ಅವಳ ಮುಷ್ಟಿ ಬಿಡಿಸಿ ನೋಡಿದರೆ ಬೆವರಿಗೆ ಅಂಟಿದ ಸಕ್ಕರೆ. ಕೊಡಲೇಬೇಕಾಗಿ ಬಂದರೆ ಖಾಲಿ ಕೊಡಬಾರದಲ್ಲ.

ನಾನು ಅವಳ ಅಂಗಿ ಎತ್ತಿ, ಹೊಟ್ಟೆಯ ಮೇಲಿನ ಹೊಲಿಗೆಯ ಚುಕ್ಕೆಗಳನ್ನು ತೋರಿಸಿ, ಡಾಕ್ಟರು ಇಲ್ಲಿ ನಿನ್ನ ಹೆಸರು ಕೊರೆದಿದ್ದಾರೆ, ಇನ್ನು ಇದು ನಿನ್ನದೇ ಎಂದೆ. ಅವಳು ಬಗ್ಗಿ ನೋಡಿದಳು.

"ಓದಾಕ ಬರವಲ್ದು."

"ಡಾಕ್ಟರ್ ಅಕ್ಷರ ಯಾರಿಗೂ ಓದಾಕ ಬರೂದಿಲ್ಲ."

ಇದು ಅವಳಿಗೆ ಒಪ್ಪಿಗೆಯಾಯಿತು. ಹೊರಗೆ ಬಂದು ಮಾವನಿಗೂ ತೋರಿಸಿದಳು. ಅವನು ಖುಷಿಯಲ್ಲಿ ತನ್ನ ಅಂಗಿಯನ್ನೂ ಎತ್ತಿ, ನನಗೂ ಹಾಗೇ ಕೊರೆದಿದ್ದಾರೆ ಎಂದ. ಮಗಳು ಎರಡರ ಮೇಲೂ ಬೆರಳಾಡಿಸಿದಳು. ಅವೇ ಚುಕ್ಕೆ, ಅದೇ ಬರಹ. ಮಾವನ ಮೇಲೂ ತನ್ನ ಹೆಸರೇ ಇದೆ, ಅಂದಮೇಲೆ ಮಾವನೂ ತನ್ನ ಸಾಮಾನೇ ಎಂದು ತೀರ್ಮಾನಿಸಿ ಅವನ ಹೆಗಲೇರಿದಳು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ನಾನು ನೋಡಲು ಹೋಗಲಿಲ್ಲ.

ಸಂಜೆ ಹುಮನಾಬಾದ್ ಬಸ್ಸಿಗೆ ಹೊರಟವನನ್ನು ಅವಳು ಬಾಗಿಲಲ್ಲಿ ಅಡ್ಡಗಟ್ಟಿದಳು. ಅಲ್ಲಿ ಅವನ ಅವ್ವ, ಅಂದರೆ ನಿನ್ನ ಅಜ್ಜಿ, ಕಾಯುತ್ತಾಳೆ ಎಂದು ಹೆಂಡತಿ ತಿಳಿಹೇಳಿದಳು. ಮಗಳು ಯೋಚನೆ ಮಾಡಿ ದಾರಿ ಬಿಟ್ಟಳು.

"ಹೋಗು ಮಾವ, ಅಜ್ಜಿಗಿ ನಿನ್ನ ಕಡ ಕೊಡಾಕತ್ತೀನಿ. ವಾಪಸ್ ಬರೂಮುಂದ ಖಾಲಿ ಬರಬ್ಯಾಡ."