ರೂಪಾಯಿ ಬೀಳಲಿ ಎಂದು ಕೈ ಮುಗಿದವನು

ನಾನು ದೇಶದ್ರೋಹಿಯಲ್ಲ. ಆದರೂ ಕೆಲವು ತಿಂಗಳು ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು, ನಮ್ಮ ರೂಪಾಯಿ ಇನ್ನಷ್ಟು ಬೀಳಲಪ್ಪಾ ಎಂದು ಬೇಡಿಕೊಂಡಿದ್ದೇನೆ. ಕಾರಣ ಸೌತೆಕಾಯಿ. ಕುಡುಮಲಕುಂಟೆಯಲ್ಲಿ ನಾನು ಲೆಕ್ಕ ಬರೆಯುವ ಕಾರ್ಖಾನೆ, ಬೆರಳುದ್ದದ ಮಿಡಿಸೌತೆಯನ್ನು ವಿನೆಗರ್‌ನಲ್ಲಿ ಮುಳುಗಿಸಿ ಹೊರದೇಶಕ್ಕೆ ಕಳಿಸುತ್ತದೆ. ಅದನ್ನು ಬೆಳೆಯುವ ತೊಂಡೇಬಾವಿಯ ರೈತರೂ ತಿನ್ನುವುದಿಲ್ಲ, ಬಾಟಲಿಗೆ ತುಂಬುವ ನಾವೂ ತಿನ್ನುವುದಿಲ್ಲ. ತಿನ್ನುವ ಪುಣ್ಯಾತ್ಮರು ಡಾಲರ್ ಕೊಡುತ್ತಾರೆ. ಡಾಲರ್ ಏರಿದರೆ ಈ ಸಲ ಬೋನಸ್ ಎಂದು ಯಜಮಾನರು ಹೇಳಿದ್ದೇ ತಡ, ನಾನು ಹೆಂಡತಿಗೆ ರೇಷ್ಮೆ ಸೀರೆಯ ಮಾತು ಕೊಟ್ಟುಬಿಟ್ಟೆ. ಅವಳ ತಮ್ಮನ ಮಗಳ ಮದುವೆ ಹತ್ತಿರ ಬಂದಿತ್ತು. ಪ್ರತಿ ಮದುವೆಗೂ ಅವಳದು ಅದೇ ಹಸಿರು ಸೀರೆಯಾಗಿ, ನೆಂಟರು ಅವಳನ್ನು ಮುಖಕ್ಕಿಂತ ಮೊದಲು ಸೀರೆಯಿಂದ ಗುರುತಿಸುತ್ತಿದ್ದರು. ನನಗದು ನಿಜವಾಗಿಯೂ ನೋವಿನ ವಿಷಯ.

ಅಂದಿನಿಂದ ನಾನು ಅರ್ಥಶಾಸ್ತ್ರಜ್ಞನಾದೆ. ರೂಪಾಯಿ ಕುಸಿಯಿತೆಂದು ಟೀವಿಯವರು ಗೋಳಾಡಿದರೆ ನಾನು ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದೆ. ಸ್ವಾತಂತ್ರ್ಯ ದಿನಾಚರಣೆಯಂದು ಕಾರ್ಖಾನೆಯ ಅಂಗಳದಲ್ಲಿ ದೇಶದ ಹೆಮ್ಮೆಯ ಬಗ್ಗೆ ದೊಡ್ಡ ದನಿಯಲ್ಲಿ ಭಾಷಣ ಮಾಡಿದೆ. ವೇದಿಕೆ ಇಳಿದು ಬಂದವನೇ ಮೊಬೈಲ್ ತೆಗೆದು, ರೂಪಾಯಿ ಎಷ್ಟು ಬಿದ್ದಿದೆ ಎಂದು ನೋಡಿದೆ.

ದೇವರು ಕಣ್ಣುಬಿಟ್ಟ. ಡಾಲರ್ ಏರಿತು. ಎದೆಯುಬ್ಬಿಸಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ನನ್ನ ಭಾವಮೈದ ಅಲ್ಲಿ ರೇಷ್ಮೆ ನೂಲಿನ ವ್ಯಾಪಾರಿ, ಚೀನಾ ನೂಲೂ ತರಿಸುತ್ತಾನೆ, ಗೊತ್ತಿರುವ ನೇಕಾರರಿಂದ ಸೀರೆಯನ್ನೂ ಕೊಡಿಸುತ್ತಾನೆ. ಮಗಳ ಮದುವೆಯ ಓಡಾಟದಲ್ಲೂ ಕೂರಿಸಿ ಟೀ ಕೊಟ್ಟ. ಸೀರೆಯ ಬೆಲೆ ಕೇಳಿ ನಾನು ಹೌಹಾರಿದಾಗ ಸಮಾಧಾನವಾಗಿ ಹೇಳಿದ:

"ಡಾಲರ್ ಏರಿದೆ ಅಲ್ವಾ ಭಾವ, ಹೊರಗಿಂದ ಬರೋ ನೂಲೂ ಏರ್ತದೆ. ಅದು ಏರಿದ್ಮೇಲೆ ನಮ್ಮೂರ ನೂಲು ಸುಮ್ನೆ ಕೂತಿರ್ತದಾ?"

ಏರಲಿ ಬಿಡು, ಬೋನಸ್ ಇದೆಯಲ್ಲ ಎಂದುಕೊಂಡು ವಾಪಸ್ಸಾದೆ. ಕಾರ್ಖಾನೆಯಲ್ಲಿ ಯಜಮಾನರ ಮುಖ ಉಪ್ಪಿನಕಾಯಿಯಾಗಿತ್ತು. ನಿಮ್ಮ ರೂಪಾಯಿ ಬಿದ್ದಿದೆಯಲ್ಲ, ಬೆಲೆ ಇಳಿಸಿ ಎಂದು ಹೊರದೇಶದ ಗಿರಾಕಿ ಪಟ್ಟು ಹಿಡಿದಿದ್ದನಂತೆ. ಹಡಗಿನ ಬಾಡಿಗೆಯೂ ಡಾಲರಿನಲ್ಲೇ. ಏರಿದ್ದೆಲ್ಲ ಅವರಿವರ ಪಾಲಾಗಿ, ಬೋನಸ್ಸಿನ ಬದಲು ನಮಗೆ ತಲಾ ಎರಡು ಬಾಟಲಿ ಮಿಡಿಸೌತೆ ಸಿಕ್ಕಿತು.

ಹೆಂಡತಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಣ್ಣವೇನೋ ಅದೇ ಹಸಿರು. ರೀ, ಮದುವೆಗೆ ಇದನ್ನೇ ಉಟ್ಕೊಂಡು ಬರ್ಲಾ?"

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ನಿಂತು, ಭಾರತದ ರೂಪಾಯಿ ಜಗತ್ತಿನಲ್ಲೇ ತಲೆಯೆತ್ತಿ ನಿಲ್ಲಲಿ ಎಂದು ಮನಸಾರೆ ಬೇಡಿಕೊಂಡೆ. ರೇಷ್ಮೆಯ ಬೆಲೆ ಕೇಳಿದ ಮೇಲೆ ದೇಶಭಕ್ತಿ ತಾನಾಗಿಯೇ ಬರುತ್ತದೆ.