ನಮ್ಮತ್ತೆಯ ಸೆನ್ಸಾರ್ ಬೋರ್ಡು

ಸಿನಿಮಾಕ್ಕೆ ಸರ್ಟಿಫಿಕೇಟು ಕೊಡುವ ಕೆಲಸವನ್ನು ಸರ್ಕಾರ ನಮ್ಮ ಸೋದರತ್ತೆಗೆ ವಹಿಸಿದ್ದರೆ, ಕನ್ನಡದ ಅರ್ಧ ಹೀರೋಗಳ ತಾಯಂದಿರು ಇನ್ನೂ ಬದುಕಿರುತ್ತಿದ್ದರು!

ನಗಬೇಡಿ. ನನ್ನ ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಅಪ್ಪನ ಅಕ್ಕ ನನ್ನನ್ನು ಹರಿಹರಕ್ಕೆ ಕರೆತಂದು ಸಾಕಿದರು. ಅವರ ಮನೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಇತ್ತು. ಭಾನುವಾರದ ಸಿನಿಮಾಕ್ಕೆ ಓಣಿಯ ಮಕ್ಕಳೆಲ್ಲ ಹಾಜರು.

ಬೇರೆ ಮನೆಗಳಲ್ಲಿ ಹೀರೋ ಹೀರೋಯಿನ್ನಿನ ಕೈ ಹಿಡಿದರೆ ಸಾಕು, ಮಕ್ಕಳನ್ನು ನೀರು ತರಲು ಓಡಿಸುತ್ತಿದ್ದರು. ನಮ್ಮತ್ತೆ? "ನೋಡ್ರಲೇ, ನಾಳೆ ನೀವೂ ಲಗ್ನ ಆಗೋರೇ ಅಲ್ಲೇನು?" ಕೊಲೆಯಾದರೆ, "ಅಂಜಬ್ಯಾಡ್ರಿ, ಟೊಮೆಟೊ ರಸ ಅದು." ಕಪ್ಪು ಬಿಳುಪಿನಲ್ಲಿ ಟೊಮೆಟೊ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ಯಾರಿಗಿತ್ತು?

ಆದರೆ ಸಿನಿಮಾದೊಳಗೆ ಯಾವ ತಾಯಿಯಾದರೂ ಒಂದು ಸಲ ಕೆಮ್ಮಲಿ ನೋಡೋಣ! ಅತ್ತೆ ಎದ್ದು, ಸೌಂಡು ಬಂದ್ ಮಾಡಿ, ಸೆರಗು ಹರಡಿಕೊಂಡು ಟಿ.ವಿ.ಗೆ ಅಡ್ಡ ನಿಂತೇಬಿಡುತ್ತಿದ್ದರು.

"ಯಮ್ಮಾ, ಸರೀರಿ, ಏನೂ ಕಾಣ್ತಿಲ್ಲ!" ಪಕ್ಕದ ಮನೆಯ ಹುಡುಗರ ಗಲಾಟೆ.

"ಕಾಣೋಕೆ ಏನೈತಲೇ? ಆಕಿ ಊರಿಗೆ ಹೋದ್ಲು."

"ಯಾವೂರಿಗೆ?"

"ಮಾಯಕೊಂಡಕ್ಕೆ! ಸುಮ್ನೆ ಕೂಡ್ರಿ."

ಸಿನಿಮಾದ ತಾಯಂದಿರೆಲ್ಲ ಮಾಯಕೊಂಡದಲ್ಲೇ ಇದ್ದಾರೆಂದು ನಾನು ಬಹಳ ಕಾಲ ನಂಬಿದ್ದೆ. ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರೋಣವೆಂದು ಹಠವನ್ನೂ ಹಿಡಿದಿದ್ದೆ.

ಈಗ ಅತ್ತೆ ದಾವಣಗೆರೆಯಲ್ಲಿ, ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯಲ್ಲಿದ್ದಾರೆ. ಟಿ.ವಿ. ಅರ್ಧ ಗೋಡೆಯಷ್ಟಾಗಿದೆ. ಯಾವ ವಯಸ್ಸಿನವರು ನೋಡಬಹುದೆಂದು ಮೂಲೆಯಲ್ಲಿ ಅದೇ ಹೇಳುತ್ತದೆ. ನನ್ನ ಮಗಳು ಓದುತ್ತಾಳೆ:

"ಅಜ್ಜಿ, ಇದು ಹದಿನಾರು ಪ್ಲಸ್."

"ನಂಗೆ ಎಂಬತ್ತೈತೆ, ಹಾಕು."

"ನಂಗಿನ್ನೂ ಹದಿನೈದಜ್ಜಿ!"

"ಕಮ್ಮಿ ಬಿದ್ದಿದ್ದು ನಂದ್ರಾಗೆ ತಗಾ. ಬೇಕಾದಷ್ಟೈತೆ."

ಮೊನ್ನೆ ಹಾಗೆ ಹಾಕಿದ ಸಿನಿಮಾದಲ್ಲಿ ಒಬ್ಬ ತಾಯಿ ಆಸ್ಪತ್ರೆಯ ಮಂಚದಲ್ಲಿ ಮಲಗಿ, ಪುಟ್ಟ ಮಗಳ ತಲೆ ಸವರತೊಡಗಿದಳು. ಮಂಡಿನೋವಿನ ಅತ್ತೆ, ಬಚ್ಚಲಿಗೂ ಯಾರದಾದರೂ ಕೈ ಹಿಡಿದೇ ಹೋಗುವವರು, ಒಬ್ಬರೇ ಎದ್ದು ಹೋಗಿ ಟಿ.ವಿ.ಗೆ ಅಡ್ಡ ನಿಂತರು. ಇಷ್ಟು ದೊಡ್ಡ ಟಿ.ವಿ.ಗೆ ಸೆರಗು ಎಲ್ಲಿ ಸಾಲುತ್ತದೆ?

"ಪಕ್ಕಕ್ಕೆ ಸರಿಯಜ್ಜಿ! ನಾನೇನು ಸಣ್ಣೋಳಾ?" ಮಗಳು ರೇಗಿದಳು.

"ನಿಂಗಲ್ಲವ್ವ." ಅತ್ತೆ ನನ್ನ ಕಡೆ ಕಣ್ಣಲ್ಲೇ ತೋರಿಸಿದರು. "ಆಕಿಗೆ."

ನನಗೆ ನಲವತ್ತಾರು. ಕಣ್ಣು ಮುಚ್ಚಿಕೊಂಡೆ. "ಆತು, ಇನ್ನ ನೋಡು" ಎಂದು ಅತ್ತೆ ಹೇಳುವವರೆಗೂ ತೆರೆಯಲಿಲ್ಲ.