ಚಿಕ್ಕಮ್ಮನ ಕೊರಿಯಾ ಶನಿವಾರಗಳು

ನಮ್ಮ ಚಿಕ್ಕಮ್ಮನ ಜೊತೆ ಶನಿವಾರ ಫೋನಿನಲ್ಲಿ ಮಾತಾಡಿದವರು ಭಾನುವಾರವಿಡೀ ಮಲಗಿ ಸುಧಾರಿಸಿಕೊಳ್ಳಬೇಕು. ಉತ್ಪ್ರೇಕ್ಷೆ ಅಂದುಕೊಂಡಿರಾ? ನಾನು ಮಲಗಿದ್ದೇನೆ ಸ್ವಾಮಿ!

ಶಿವಾಜಿನಗರದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ ಈ ಮಹಾತಾಯಿ, ಐವತ್ತರ ಹೊಸ್ತಿಲಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿ, ಕೊರಿಯಾದ ಸಣ್ಣ ಊರಿನ ಶಾಲೆಗೆ ಟೀಚರಾಗಿ ಹೊರಟೇಬಿಟ್ಟಳು. ಮದುವೆಯಾಗದೆ ಕೆ.ಆರ್. ಪುರದ ಮನೆಯಲ್ಲಿ ನಮ್ಮೊಂದಿಗೇ ಇದ್ದವಳು. "ಅಲ್ಲಿ ಯಾರಿದ್ದಾರೆ ಅವಳಿಗೆ? ರಜಾ ದಿನ ಗೋಡೆ ನೋಡ್ಕೊಂಡು ಕೂತಿರ್ತಾಳೆ" ಎಂದು ಅವಳ ತಾಯಿ, ಅಂದರೆ ನಮ್ಮಜ್ಜಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಗೋಡೆಯೆ? ಎರಡನೇ ತಿಂಗಳ ಒಂದು ಶನಿವಾರ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನೇತಾಡುತ್ತಿದ್ದೆ. ಚಿಕ್ಕಮ್ಮನ ವಿಡಿಯೋ ಕರೆ ಬಂತು. ಸೀರೆ, ಕ್ಯಾನ್ವಾಸ್ ಶೂ, ಕೈಯಲ್ಲೊಂದು ಕೋಲು. ಸುತ್ತಲೂ ಎವರೆಸ್ಟಿಗೆ ಹೊರಟಂತೆ ಸಜ್ಜಾದ ಏಳು ಮುದುಕಿಯರು.

"ಲೇ, ನಾನು ಬೆಟ್ಟದ ತುದೀಲಿದ್ದೀನಿ ಕಣೇ!"

ಕಂಡಕ್ಟರ್ ಇಣುಕಿ ನೋಡಿದರು. "ಅವ್ರು ತುದೀಲೇ ಇರ್ಲಿ ಮೇಡಂ, ನೀವು ಸ್ವಲ್ಪ ಒಳಗಡೆ ಹೋಗಿ."

ಅವಳ ವಿದ್ಯಾರ್ಥಿಯೊಬ್ಬನ ಅಜ್ಜಿ ಕರೆದಳಂತೆ, ಇವಳು ಹೋದಳಂತೆ. ಭಾಷೆ? ಇವಳಿಗೆ ಅವರದು ಬಾರದು, ಅವರಿಗೆ ಇವಳದು ಬಾರದು. ಮತ್ತೆ ನಾಲ್ಕು ಗಂಟೆ ಏನು ಮಾತಾಡಿದಿರಿ ಎಂದರೆ, "ಮಂಡಿನೋವು" ಎಂದಳು!

ಬೆಟ್ಟ ಇಳಿದ ಮೇಲೆ ಬಟ್ಟಲಲ್ಲಿ ಬೆಳ್ಳಗಿನದೇನೋ ಕೊಟ್ಟರಂತೆ. "ಅಕ್ಕಿ ಗಂಜಿ ಕಣೇ, ಸ್ವಲ್ಪ ಹುಳಿ. ಮೂರು ಬಟ್ಟಲು ಕುಡಿದೆ. ಎಷ್ಟು ಒಳ್ಳೇ ಜನ ಗೊತ್ತಾ!" ಎಂದು ತೊದಲುತ್ತ ಬಿಕ್ಕಳಿಸಿದಳು. ಅದೆಂಥ ಗಂಜಿ ಎಂದು ನನಗೆ ಹೊಳೆಯಿತು. ಅಜ್ಜಿಗೆ ಹೊಳೆಯಲಿಲ್ಲ. "ಪಾಪ, ಗಂಜಿ ಕುಡ್ಕೊಂಡು ಬದುಕ್ತಿದ್ದಾಳೆ" ಎಂದು ಮತ್ತೆ ಅತ್ತರು.

ಮುಂದಿನ ವಾರ ಸಾರ್ವಜನಿಕ ಸ್ನಾನದ ಮನೆ. ಅಲ್ಲಿ ಯಾರೂ ಬಟ್ಟೆ ಹಾಕುವುದಿಲ್ಲವಂತೆ. "ನೀನು?" ಎಂದೆ. "ನಾನು ಟೀಚರ್ ಕಣೇ, ನಿಯಮ ಪಾಲಿಸ್ಬೇಕಲ್ವಾ?" ಎಂದಳು. ಫೋನು ನನ್ನ ಕೈಯಿಂದ ಜಾರಿತು.

ಅದರ ಮುಂದಿನ ವಾರ ಹಾಡುವ ಕೋಣೆ. ಹಾಡಿಸಿ ಅಂಕ ಕೊಡುವ ಕ್ಯಾರಿಯೋಕಿ ಯಂತ್ರದಲ್ಲಿ ಕನ್ನಡ ಹಾಡಿಲ್ಲ. ಹಾಡಲೇಬೇಕೆಂದು ಮುದುಕಿಯರು ಹಟ ಹಿಡಿದರು. ಚಿಕ್ಕಮ್ಮ ಮೈಕ್ ಹಿಡಿದು ಹದಿನಾರರ ಮಗ್ಗಿ ಹೇಳಿದಳು. ಯಂತ್ರ ತೊಂಬತ್ತೆಂಟು ಅಂಕ ಕೊಟ್ಟಿತು! ಇದು ನಮ್ಮ ಚಿಕ್ಕಮ್ಮನೇ, ಅಥವಾ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯಂತೆ ಇವಳೂ ಅದಲುಬದಲಾದಳೇ? ನನಗಂತೂ ಏನೂ ಅರ್ಥವಾಗಲಿಲ್ಲ.

ವರ್ಷ ಕಳೆದು ರಜೆಗೆ ಬಂದಳು. ಮೊದಲ ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ, ಸ್ನಾನ ಮುಗಿಸಿ, ಇಸ್ತ್ರಿ ಸೀರೆಯುಟ್ಟು, ಶೂ ಹಾಕಿಕೊಂಡು ವೆರಾಂಡದಲ್ಲಿ ಕುಳಿತಿದ್ದಾಳೆ.

"ಎಲ್ಲಿಗೆ ಚಿಕ್ಕಮ್ಮ?"

"ಎಲ್ಲಿಗೂ ಇಲ್ಲ." ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅಭ್ಯಾಸ ಆಗ್ಬಿಟ್ಟಿದೆ. ಶನಿವಾರ ಬೆಳಿಗ್ಗೆ ಯಾರಾದ್ರೂ ಕರೀತಾರೆ."

ನಗಲು ಬಾಯಿ ತೆರೆದವಳು ಅವಳ ಪಕ್ಕ ಕುಳಿತೆ. ಇಷ್ಟು ವರ್ಷ ನಾವು ಮದುವೆಗೆ, ಸಿನಿಮಾಕ್ಕೆ, ಕೆರೆ ಏರಿಗೆ ಗುಂಪುಕಟ್ಟಿಕೊಂಡು ಹೋದಾಗಲೆಲ್ಲ, "ಚಿಕ್ಕಮ್ಮ ಇದ್ದಾಳಲ್ಲ, ಮನೆ ನೋಡ್ಕೋತಾಳೆ" ಎಂದೇ ಚಪ್ಪಲಿ ಮೆಟ್ಟಿದವರು. ನೀನೂ ಬರ್ತೀಯಾ ಎಂದು ನಾನು ಒಂದು ದಿನ, ಒಂದೇ ಒಂದು ದಿನ ಕೇಳಿದ್ದೆನೆ? ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

"ಹಲಸೂರು ಕೆರೆಗೆ ಹೋಗೋಣ, ಬರ್ತೀಯಾ?" ಎಂದೆ.

ಅವಳು ಗಲಿಬಿಲಿಗೊಂಡು ಬಾಗಿಲ ಕಡೆ ನೋಡಿದಳು. "ಮನೆ ಯಾರು ನೋಡ್ಕೋತಾರೆ?"

ಒಳಗಿನಿಂದ ಅಜ್ಜಿಯ ಧ್ವನಿ ಬಂತು. "ಬೀಗ ನೋಡ್ಕೊಳ್ಳುತ್ತೆ. ಇರ್ರೇ, ನಾನೂ ಬರ್ತೀನಿ."